ಅಡುಗೆಮನೆ ನೋಡಿ ಬಾ ಅಂದಿದ್ದಳು ಅವ್ವ

ಘಟ್ಟ ಇಳಿಯುತ್ತ

ಗೋವಾಕ್ಕೆ ಹೋಗಿ ಬಂದೆ ಅಂದರೆ ನಮ್ಮ ಸಿಂದಗಿ ಕಡೆಯ ಗೆಳೆಯರು ಮೊದಲು ಕಣ್ಣು ಹೊಡೆಯುತ್ತಾರೆ, ಆಮೇಲೆ ಚೀಲ ತಡಕುತ್ತಾರೆ. ಅವರಿಗೆ ಮುಂಚೆಯೇ ಹೇಳಿಬಿಡುತ್ತೇನೆ: ನಾನು ಸಮುದ್ರ ನೋಡಲಿಲ್ಲ. ನೋಡಿದ್ದು ಒಂದು ಅಡುಗೆಮನೆ. ಅದನ್ನು ನೋಡಲೆಂದೇ ನನ್ನನ್ನು ಕಳಿಸಿದ್ದರು.

ನಮ್ಮ ನೀಲಕ್ಕ ಮದುವೆಯಾದ ವರ್ಷವೇ ಭಾವನ ಹಿಂದೆ ಗೋವಾ ಸೇರಿದವಳು. ಭಾವ ಫೋಂಡಾ ಕಡೆ ಕಟ್ಟಡದ ಕೆಲಸಕ್ಕೆ ಹೋಗಿ ಅಲ್ಲೇ ಇರುತ್ತಾನೆ, ಭಾನುವಾರ ಮನೆಗೆ ಬರುತ್ತಾನೆ. ಅಕ್ಕ ಕೊರ್ತಾಲಿಮ್‌ನಲ್ಲಿ ಬಾಡಿಗೆ ಮನೆ ಹಿಡಿದು, ವೆರ್ಣಾದ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಇದು ಊರಿಗೆಲ್ಲ ಗೊತ್ತು, ಯಾಕೆಂದರೆ ಅವ್ವ ಊರಿಗೆಲ್ಲ ಹೇಳಿದ್ದಾಳೆ. ಹಿಟ್ಟಿನ ಗಿರಣಿಯಲ್ಲಿ ಸರದಿ ನಿಂತಾಗಲೂ 'ನಮ್ಮ ನೀಲಿ ಕಂಪನ್ಯಾಗ ಅದಾಳ' ಅನ್ನುತ್ತಾಳೆ, ಕಂಪನಿಯನ್ನು ನೀಲಿಯ ಹೆಸರಿಗೇ ಬರೆದುಕೊಟ್ಟವರ ಹಾಗೆ.

ಆದರೆ ಅವ್ವ ಒಮ್ಮೆಯೂ ಮಗಳ ಮನೆಗೆ ಹೋಗಿಲ್ಲ. ನಮ್ಮದು ಮೀನು ಮೊಟ್ಟೆ ಮುಟ್ಟದ ಮನೆ. ಗೋವಾ ಅಂದರೆ ಅವ್ವನ ಲೆಕ್ಕದಲ್ಲಿ ಒಂದು ದೊಡ್ಡ ಮೀನಿನ ಬುಟ್ಟಿ, ಅದರೊಳಗೆ ಮಗಳು ಹೇಗೋ ಮೂಗು ಮುಚ್ಚಿಕೊಂಡು ಕೂತಿದ್ದಾಳೆ. ಅಕ್ಕ ಪ್ರತಿ ಸಲ ಫೋನಿನಲ್ಲಿ 'ಯವ್ವಾ, ಬಾರ' ಅನ್ನುವುದು, ಅವ್ವ 'ನೋಡೂಣು' ಅನ್ನುವುದು ನಡೆದೇ ಇತ್ತು. ಈ ಸಲ ಅಕ್ಕ ಅತ್ತುಬಿಟ್ಟಳು. ಅವ್ವ ನನ್ನನ್ನು ಕರೆದಳು.

"ಬಸ್ಯಾ, ನೀ ಹೋಗಿ ನೋಡಿ ಬಾ. ಅಡಗಿಮನಿ ನೋಡು, ನೀರು ನೋಡು, ಆಜುಬಾಜು ಮಂದಿ ನೋಡು. ಚಲೋ ಐತಿ ಅಂದ್ರ ಶ್ರಾವಣದಾಗ ಹೋಗಿ ಒಂದ ತಿಂಗಳಿದ್ದು ಬರ್ತೀನಿ. ಇಲ್ಲಂದ್ರ ಇನ್ನ ಆ ಮಾತ ತೆಗೀಬ್ಯಾಡ ಅಂತ ಆಕೀಗೆ ಹೇಳಿ ಬಾ."

ಹೀಗೆ ನಾನು ನಮ್ಮ ಮನೆಯ ಇನ್‌ಸ್ಪೆಕ್ಟರ್ ಆಗಿ ಹೊರಟೆ. ಹೊಟ್ಟೆಪಾಡಿಗೆ ಮೊಬೈಲ್ ಅಂಗಡಿಯಲ್ಲಿ ಕೂಡುತ್ತೇನೆ, ಹೆಸರಿಗೆ ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಬೀಗರ ದನಿ, ಭಟ್ಟರ ದನಿ, ಕೆಟ್ಟುಹೋದ ಬೋರಿನ ದನಿ, ಎಲ್ಲಾ ತೆಗೆಯುತ್ತೇನೆ. ನನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಮಾತ್ರ ಸ್ವಲ್ಪ ತಡಬಡಿಸುತ್ತೇನೆ.

ಘಟ್ಟ ಇಳಿದ ಮೇಲೆ ಗಡಿಯಲ್ಲಿ ಪೊಲೀಸರು ಬಸ್ಸು ಹತ್ತಿದರು. ಒಬ್ಬ ನನ್ನ ಗಂಟು ಬಿಚ್ಚಿಸಿದ. ಜೋಳದ ರೊಟ್ಟಿ, ಅದರ ಕೆಳಗೆ ಮತ್ತಷ್ಟು ರೊಟ್ಟಿ, ಅದರ ಕೆಳಗೆ ಗುರೆಳ್ಳಿನ ಚಟ್ನಿಪುಡಿ. ಆತ ಚಟ್ನಿಪುಡಿಯನ್ನು ಮೂಸಿ ಸೀನಿದ. ಆತ ಇಳಿದದ್ದೇ ತಡ ನಾನು ಆ ಸೀನನ್ನು ಯಥಾವತ್ತಾಗಿ ಸೀನಿದೆ. ಬಸ್ಸೆಲ್ಲ ನಕ್ಕಿತು. ಆತ ಇನ್ನೂ ಕಿಟಕಿಯ ಕೆಳಗೇ ನಿಂತಿದ್ದ. "ಕ್ಯಾ ರೇ ಘಾಟಿ!" ಅಂದ. ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ ಹಾಗೆ ಕರೆಯುತ್ತಾರಂತೆ. ಕರೆಯುವ ರೀತಿಯಲ್ಲೇ ಅದು ಪ್ರೀತಿಯ ಹೆಸರಲ್ಲ ಅಂತ ತಿಳಿಯುತ್ತದೆ. ನಾನು ಸೀಟಿನಲ್ಲಿ ಕುಗ್ಗಿ ಕೂತೆ. ಬಸ್ಸು ಎರಡನೆಯ ಸಲ ನಕ್ಕಿತು, ಈ ಸಲ ನನ್ನನ್ನು ನೋಡಿ.

ಕೊರ್ತಾಲಿಮ್, ಮಾಯಿಯ ಜಗಲಿ

'ನನಗ ಡ್ಯೂಟಿ ಐತಿ, ಕೀಲಿ ಮಾಯಿ ಕಡಿ ಇಟ್ಟೀನಿ' ಅಂತ ಅಕ್ಕ ಮೊದಲೇ ತಿಳಿಸಿದ್ದಳು. ಮಾಯಿ ಅಂದರೆ ಮನೆಯ ಒಡತಿ. ಹೂವಿನ ಫ್ರಾಕು ತೊಟ್ಟ, ಬಾಯಿತುಂಬ ಮಾತಾಡುವ ಮುದುಕಿ. ಮುಂದೆ ಕಲ್ಲಿನ ಆಸನಗಳಿರುವ ಜಗಲಿಯ ಮನೆ ಆಕೆಯದು, ಹಿತ್ತಲಲ್ಲಿ ಸಾಲಾಗಿ ಕಟ್ಟಿಸಿದ ಬಾಡಿಗೆ ಮನೆಗಳಲ್ಲಿ ಕೊನೆಯದು ಅಕ್ಕನದು.

"ನೀಲಾಚೊ ಭಾವ್?" ಅಂದಳು. ನೀಲಾಳ ತಮ್ಮನೋ ಅಂತ ಕೇಳಿದ್ದು. ಹೌದು ಅಂತ ತಲೆಯಾಡಿಸಿದ್ದೇ ತಡ, ಕೈ ಹಿಡಿದು ಕೂರಿಸಿದಳು.

ನಮ್ಮಲ್ಲಿ ಬಂದವರಿಗೆ ಚಹ ಕೊಡುವ ಹೊತ್ತಿಗೆ ಇಲ್ಲಿ ಗಂಜಿ ಕುಡಿಯುತ್ತಾರೆ. ಬೆಳಗಿನ ತಿಂಡಿಯೂ ಅಲ್ಲದ, ಮಧ್ಯಾಹ್ನದ ಊಟವೂ ಅಲ್ಲದ ನಡುಹೊತ್ತಿನಲ್ಲಿ, ಕೆಂಪಕ್ಕಿಯ ಬಿಸಿ ಗಂಜಿ. ಬಟ್ಟಲಿನ ಪಕ್ಕದಲ್ಲಿ ಒಂದು ಚಟ್ನಿ ಇಟ್ಟಳು. ಕಾಯಿತುರಿ, ಉಳ್ಳಾಗಡ್ಡಿ, ಹುಣಸೆ, ಒಣಮೆಣಸು, ನಡುವೆ ಹುರಿದ ಎಂಥದೋ ಗರಿಗರಿ ಪುಡಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿದ ಹೊಟ್ಟೆ. ಒಂದು ಬೆರಳು ನೆಕ್ಕಿದೆ. ಅಷ್ಟು ರುಚಿಯಾದ ಚಟ್ನಿಯನ್ನು ನಾನು ತಿಂದಿರಲಿಲ್ಲ. ಕೈಸನ್ನೆಯಲ್ಲೇ ಇನ್ನಷ್ಟು ಕೇಳಿದೆ. ಮಾಯಿ ಹಿಗ್ಗಿಹೋದಳು. "ಖಾ ರೆ ಪುತಾ, ಖಾ" ಅನ್ನುತ್ತ ಮತ್ತೊಂದು ಸೌಟು ಹಾಕಿದಳು. ನಾನು ಫೋನಿನಲ್ಲಿ ಆ ಬಟ್ಟಲಿನ ಫೋಟೋ ತೆಗೆದು ಅವ್ವನಿಗೆ ಕಳಿಸಿ, 'ಆಜುಬಾಜು ಮಂದಿ ಭಾಳ ಚಲೋ' ಅಂತ ಬರೆದೆ.

ಆ ಫೋಟೋವನ್ನು ದೊಡ್ಡದು ಮಾಡಿ ನೋಡುವಾಗ ಕಂಡಿತು. ಚಟ್ನಿಗೆ ಕಣ್ಣಿತ್ತು.

ಒಂದಲ್ಲ, ಬೇಕಾದಷ್ಟು. ಸಣ್ಣ ಕರಿ ಚುಕ್ಕೆಯಂಥ ಕಣ್ಣುಗಳು, ಅವುಗಳ ಮುಂದೆ ಕೂದಲೆಳೆಯಂಥ ಮೀಸೆಗಳು. ಒಣಗಿಸಿದ ಸಿಗಡಿ.

ಆಮೇಲೆ ನಾನು ಮಾಡಿದ್ದನ್ನು ಯಾರಾದರೂ ಮಿಮಿಕ್ರಿ ಮಾಡಿ ತೋರಿಸಿದ್ದರೆ ಮದುವೆ ಮನೆ ಬಿದ್ದು ಬಿದ್ದು ನಗುತ್ತಿತ್ತು. ಬಟ್ಟಲು ಒದ್ದುಕೊಂಡೆದ್ದೆ. ಅಂಗಳದ ನಲ್ಲಿಯ ಕೆಳಗೆ ಬಾಯಿ ಒಡ್ಡಿದೆ. ನಾಲಗೆಯನ್ನು ಟವೆಲ್ಲಿನಿಂದ ತಿಕ್ಕಿದೆ. 'ಹೇ ಶಿವನೇ' ಅನ್ನುತ್ತ ಓಕರಿಸಿದೆ. ಬಾಡಿಗೆ ಮನೆಗಳ ಬಾಗಿಲುಗಳೆಲ್ಲ ತೆರೆದವು. ಮಾಯಿ ಸೌಟು ಹಿಡಿದುಕೊಂಡು ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಆಕೆಯ ಮುಖದ ನಗು ಇಳಿಯುತ್ತ ಬಂದದ್ದನ್ನು ನಲ್ಲಿಯ ಕೆಳಗಿನಿಂದ, ತಲೆಕೆಳಗಾಗಿ ನೋಡಿದೆ. ತನ್ನ ಮನೆಯ ಅನ್ನವನ್ನು ಒಬ್ಬ ಅತಿಥಿ ಹೀಗೆ ಉಜ್ಜಿ ಉಜ್ಜಿ ತೊಳೆದುಕೊಳ್ಳುವುದನ್ನು ಆಕೆ ಹಿಂದೆ ನೋಡಿರಲಿಕ್ಕಿಲ್ಲ.

ಮಧ್ಯಾಹ್ನ ಅಕ್ಕ ಬಂದಳು. ಮನೆಯೊಳಗೆ ಬರಲಿಲ್ಲ. ಹಿತ್ತಲ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆ ಉಟ್ಟು, ಆಮೇಲೆ ಬಂದು ನನ್ನ ತಲೆ ನೇವರಿಸಿದಳು. ಕಂಪನಿಯ ಧೂಳು ಬಹಳ ಇರಬೇಕು ಅಂದುಕೊಂಡೆ. ಚಟ್ನಿಯ ಪುರಾಣ ಕೇಳಿದ್ದೇ ಅವಳ ಮುಖ ಸಣ್ಣದಾಯಿತು.

"ಆಕಿ ಮುಂದನಾ ಓಕರಿಸಿದಿ?"

"ಮತ್ತ ನುಂಗಲೇನು?"

"ಲೇ, ನನಗ ಟೈಫಾಯ್ಡ್ ಆದಾಗ ಆಕೀನ ಗಂಜಿ ಕುಡಿಸ್ಯಾಳ. ಬಾಜೂಕ ಉಪ್ಪಿನಕಾಯಿ ಇಟ್ಟು. ನಾ ತಿನ್ನೂದಿಲ್ಲಂತ ಗೊತ್ತೈತಿ ಆಕೀಗೆ. ನಿಂದು ಗೊತ್ತಿರಲಿಲ್ಲ, ಅಷ್ಟ. ಕೇಳಿ ತಿನ್ನಬೇಕಿಲ್ಲೋ?"

ಅಕ್ಕನನ್ನು ನಗಿಸೋಣ ಅಂತ ನಾನು ಟವೆಲ್ಲನ್ನು ಫ್ರಾಕಿನಂತೆ ಸುತ್ತಿಕೊಂಡು, ಸೊಂಟದ ಮೇಲೆ ಕೈಯಿಟ್ಟು, "ಖಾ ರೆ ಪುತಾ, ಖಾ" ಅಂದೆ. ದನಿ ಪಕ್ಕಾ ಬಂದಿತ್ತು. ಅಕ್ಕ ನಗಲಿಲ್ಲ. ನನ್ನ ಹಿಂದೆ, ಬಾಗಿಲಾಚೆ ನೋಡುತ್ತಿದ್ದಳು. ಅಲ್ಲಿ ಮಾಯಿ ಒಂದು ತಟ್ಟೆಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದಳು. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹೋದಳು. ಅಕ್ಕ ಹಿಂದೆಯೇ ಓಡಿದಳು. ಏನಂದಳೋ, ಕೊಂಕಣಿಯಲ್ಲಿ ಬಹಳ ಹೊತ್ತು ಅಂದಳು.

ನಾನು ಇನ್‌ಸ್ಪೆಕ್ಷನ್ ಮುಗಿಸಿದೆ. ಅಡುಗೆಮನೆ ಕನ್ನಡಿಯಂತಿತ್ತು. ಒಳಗೇ ನಲ್ಲಿ, ದೇವರಿಗೆ ಬೇರೆ ಗೂಡು. ಮೇಲಿನ ಹಲಗೆಯ ಮೇಲೆ ಒಂದು ತಾಮ್ರದ ಕೊಡ, ತಾಟು, ಗ್ಲಾಸು. ಅಂಗಡಿಯ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. "ಅದು ಅವ್ವಂದು. ಯಾರೂ ಮುಟ್ಟಿಲ್ಲ" ಅಂದಳು ಅಕ್ಕ, ವಾಪಸು ಬಂದು. ಅವ್ವ ಇದಕ್ಕಿಂತ ಇನ್ನೇನು ಕೇಳುತ್ತಾಳೆ? ಸಂಜೆಯೇ ಪಾಸು ಮಾಡಿಬಿಟ್ಟೆ, ಮನಸ್ಸಿನಲ್ಲಿ.

ಮಾರ್ಕೆಟ್

ಮರುದಿನ ನಸುಕಿನಲ್ಲೇ ಅಕ್ಕ ಹೊರಟಳು. ಬುತ್ತಿ ಡಬ್ಬಿ ಮರೆತಿದ್ದಳು. ನಾನು ಅದನ್ನು ಹಿಡಿದು ಸರ್ಕಲ್ಲಿಗೆ ಓಡಿದೆ. ವೆರ್ಣಾಕ್ಕೆ ಹೋಗುವ ಕಂಪನಿ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಒಂದೇ ಬಣ್ಣದ ಅಂಗಿ ತೊಟ್ಟವರು ಹತ್ತುತ್ತಿದ್ದರು, ಅರ್ಧಕ್ಕರ್ಧ ನಮ್ಮ ಕಡೆಯವರೇ. "ಸರೀರಿ ಯಣ್ಣಾ, ಹತ್ತೂರಿದ್ರ ಹತ್ರಿ" ಅನ್ನುವ ಬಾಗಲಕೋಟೆಯ ಬೈಗುಳ ಕೇಳಿ ಊರಿಗೇ ಬಂದಂತಾಯಿತು. ಅಕ್ಕ ಮಾತ್ರ ಯಾವ ಬಸ್ಸಿನಲ್ಲೂ ಕಾಣಲಿಲ್ಲ. ಮುಂಚಿನ ಬಸ್ಸಿಗೆ ಹೋಗಿರಬೇಕು ಅಂದುಕೊಂಡೆ.

ಬಿಡುವಿನಲ್ಲಿರುವ ಕಳ್ಳ ಕೂಡ ಏನಾದರೂ ಕದ್ದುಕೊಂಡೇ ಮನೆಗೆ ಹೋಗುತ್ತಾನೆ. ನಾನು ದನಿ ಕದಿಯುವವನು. ಗೋವಾಕ್ಕೆ ಬಂದು ಮೀನು ಮಾರುವ ಹೆಂಗಸರ ದನಿ ಒಯ್ಯದಿದ್ದರೆ ನಮ್ಮ ಆರ್ಕೆಸ್ಟ್ರಾದವರು ಬಿಡುತ್ತಾರೆಯೇ? ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಫೋನಿನ ರೆಕಾರ್ಡಿಂಗ್ ಹಚ್ಚಿ ಮೀನು ಮಾರ್ಕೆಟ್ಟಿಗೆ ನುಗ್ಗಿದೆ.

ಅಬ್ಬಾ, ಆ ದನಿಗಳು! ನಮ್ಮ ಸಂತೆಯಲ್ಲಿ ಬದನೆಕಾಯಿ ಮಾರುವವರು ಗಿರಾಕಿಯನ್ನು ಕರೆಯುತ್ತಾರೆ. ಇಲ್ಲಿಯವರು ಗಿರಾಕಿಯನ್ನು ಬೈದು ನಿಲ್ಲಿಸುತ್ತಾರೆ. ಒಬ್ಬಳದು ತಗಡು ಹರಿದಂಥ ದನಿ, ಒಬ್ಬಳದು ಅತ್ತು ಕೆಂಪಾದ ದನಿ. ಎಲ್ಲದರ ನಡುವೆ ಹಿಂದಿನ ಮೂಲೆಯಿಂದ ಒಂದು ದನಿ ಬಂತು. "ಯೋ ಗೊ ಬಾಯ್, ಕಾಪೂನ್ ದಿತಾಂ!" ಬಾರವ್ವಾ, ಕೊಯ್ದು ಕೊಡ್ತೀನಿ ಅಂತ. ಆ ಕೊಂಕಣಿಯ ಕೊನೆಯಲ್ಲಿ ಒಂದು ವಿಚಿತ್ರ ಎಳೆತವಿತ್ತು, ಮಾತು ಮುಗಿದರೂ ರಾಗ ಮುಗಿಯದ ಹಾಗೆ. ನನಗೆ ಅದೇ ಬೇಕಿತ್ತು. ಕಂಬದ ಈ ಕಡೆ ನಿಂತು ಅದೇ ಎಳೆತ ಹಿಡಿದು, ಅದಕ್ಕಿಂತ ಜೋರಾಗಿ ಕೂಗಿದೆ: "ಯೋ ಗೊ ಬಾಆಆಯ್!"

ಮೀನಿನವರು ಹೋ ಅಂತ ನಕ್ಕರು. ಒಬ್ಬಳು ಚಪ್ಪಾಳೆ ತಟ್ಟಿದಳು. ಇನ್ನೊಂದು ಸಲ ಅಂತ ಕೈಸನ್ನೆ ಮಾಡಿದರು. ನಾನು ಇನ್ನೊಂದು ಸಲ ಕೂಗುತ್ತ, ಕಲಾವಿದರು ಪರದೆಯಿಂದ ಹೊರಬರುವಂತೆ ಕಂಬದಿಂದ ಹೊರಬಂದೆ.

ಮೂಲೆಯ ಕಲ್ಲಿನ ಹಿಂದೆ ಕೂತು, ಸೀರೆಯ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು, ಒಂದು ದೊಡ್ಡ ಮೀನಿನ ಹೊಟ್ಟೆಗೆ ಕತ್ತಿ ಹಾಕಿ, ನೀಲಕ್ಕ ತಲೆಯೆತ್ತಿ ನೋಡುತ್ತಿದ್ದಳು.

ಅಕ್ಕನ ದನಿಯನ್ನು ನಾನು ಗುರುತಿಸಿರಲಿಲ್ಲ. ನೂರು ಜನರ ದನಿ ತೆಗೆಯುವವನು ಒಡಹುಟ್ಟಿದವಳ ದನಿಯನ್ನು ಆಡಿಕೊಂಡು ನಗಿಸುತ್ತಿದ್ದೆ. ಆ ಎಳೆತ ನಮ್ಮ ಊರಿನದು, ನಮ್ಮ ಅವ್ವನದು.

ಅಕ್ಕನ ಪಕ್ಕದವಳು "ಕೋಣ್ ತೊ?" ಅಂದಳು. ಯಾರವನು ಅಂತ. ಅಕ್ಕ ಮೀನಿನಿಂದ ಕತ್ತಿ ತೆಗೆದು, ಬಹಳ ಸಾವಧಾನವಾಗಿ, "ಮ್ಹಜೊ ಭಾವ್" ಅಂದಳು. ನನ್ನ ತಮ್ಮ. ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಆರುತ್ತ ಹೋಯಿತು. ನಾನು ಡಬ್ಬಿಯನ್ನು ಆ ಒದ್ದೆ ಕಲ್ಲಿನ ಮೇಲಿಡಲಾರದೆ, ವಾಪಸು ಒಯ್ಯಲಾರದೆ, ಎರಡೂ ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಡಬ್ಬಿಯ ಸಮೇತ ಓಡಿಬಂದೆ.

ಅವ್ವನ ದನಿ

ಮಧ್ಯಾಹ್ನ ಅಕ್ಕ ಬಂದು, ಮಿಂದು, ರೊಟ್ಟಿ ಬಡಿದಳು. ಬದನೆಕಾಯಿ ಪಲ್ಯ, ಮೊಸರು. ತಾಟು ಹಚ್ಚಿ ಕರೆದಳು.

"ಹೊಟ್ಟಿ ಸರಿ ಇಲ್ಲ ಯಕ್ಕಾ. ನಿನ್ನಿ ಆ ಸಿಗಡಿ…"

ಸುಳ್ಳು. ಸರ್ಕಲ್ಲಿನ ಹೋಟೆಲಿನಲ್ಲಿ ಭಾಜಿ-ಪಾವ್ ಹೊಡೆದು ಬಂದಿದ್ದೆ. ಅಕ್ಕ ತಾಟನ್ನು ಮುಚ್ಚಿಟ್ಟಳು. ನನ್ನೆದುರು ಕೂತಳು.

"ಕಂಪನ್ಯಾಗ ಕಾಂಟ್ರಾಕ್ಟ್ ಮುಗೀತು ಅಂತ ತೆಗದ್ರು. ಭಾಳ ದಿನಾ ಆತು. ಅಲ್ಲಿ ಇದ್ದಾಗೂ ಒಬ್ರೂ ನನ್ನ ಹೆಸರ ಹಿಡದು ಕರೀಲಿಲ್ಲ, ಏ ಲೈನ್ ಥ್ರೀ ಅಂತಿದ್ರು. ಈ ಕೆಲಸಕ್ಕ ಮಾಯೀನ ಕರಕೊಂಡು ಹೋಗಿದ್ಲು. ಮೊದಲ ದಿನ ಆ ನಾತಕ್ಕ ನಾನೂ ಓಕರಿಸೀನಿ, ನಿನ್ನಂಗನ. ಈಗ ಆ ಕಲ್ಲು ನಂದು. 'ನೀಲಾಬಾಯ್ ಕೊಯ್ದು ಕೊಟ್ರನ ತಗೋತೀವಿ' ಅನ್ನೋ ಗಿರಾಕಿ ಅದಾರ. ಈ ಊರಾಗ ನನ್ನ ಹುಡುಕ್ಕೊಂಡು ಯಾರರೆ ಬರ್ತಾರಂದ್ರ ಅಲ್ಲಿಗೇ."

"ಭಾವಗ?"

"ಗೊತ್ತೈತಿ. ಅವ್ವಗಷ್ಟ ಹೇಳಿಲ್ಲ. ಹೇಳಬೇಕಂತ ಫೋನ್ ಹಚ್ತೀನಿ, ಆಕಿ 'ಕಂಪನಿ ಹೆಂಗೈತಿ' ಅಂತಾಳ, ನಾ 'ಚಲೋ ಐತಿ' ಅಂತೀನಿ." ತುಟಿಯಲ್ಲಿ ನಗು ತಂದುಕೊಂಡು, "ನೀ ಎಲ್ಲಾರ ದನಿ ತೆಗೀತಿ. ಅವ್ವನ ದನಿ ತೆಗಿ ನೋಡೂಣು. ಆಕಿ ಏನಂತಾಳ ನನಗ ಈಗ ಕೇಳಬೇಕು" ಅಂದಳು.

ನಾನು ಬದುಕಿದೆ ಅಂದುಕೊಂಡೆ. ಆಟವಾದರೆ ನನಗೆ ಬರುತ್ತದೆ. ಟವೆಲ್ಲನ್ನು ಸೆರಗಿನಂತೆ ತಲೆಗೆ ಹೊದ್ದು, ಗಂಟಲು ಕೆರೆದೆ.

"ಯವ್ವಾ, ನಾ ಮೀನ ಕೊಯ್ಯಾಕತ್ತೇನಿ" ಅಂದಳು ಅಕ್ಕ.

"ಏನಂದಿ? ಇನ್ನೊಮ್ಮಿ ಅನ್ನು."

ಅಕ್ಕ ಕಿಸಕ್ಕನೆ ನಕ್ಕಳು. ಅವ್ವನೇ ಬಂದು ಕೂತಂತಿತ್ತು. "ಮೀನ ಕೊಯ್ತೀನಬೇ. ಮಾರ್ಕೆಟ್‌ನಾಗ."

"ನಾಕ ಮಂದ್ಯಾಗ ಕುಂತು?"

"ನಾಕ ಎಲ್ಲಿ, ಊರಾಗಿನ ಮಂದಿ ಎಲ್ಲಾ ಬರ್ತಾರ."

"ನಮ್ಮೂರಾವ್ರು ಯಾರರೆ ನೋಡಿದ್ರ?"

"ನೋಡ್ಲಿ. ನೋಡಿದ್ರ ಒಂದ ಬಂಗಡೆ ಕೊಯ್ದು ಕೊಡ್ತೀನಿ."

"ನಗತೀಯಲ್ಲ, ನಾಚಿಕಿಲ್ಲ? ಅದ ಕೈಲೆ ಹಿಟ್ಟ ನಾದತಿ. ಅದ ಕೈಲೆ ರೊಟ್ಟಿ ಬಡೀತಿ. ಆ ರೊಟ್ಟಿ ಯಾರ ತಿಂತಾರ?"

ಅಕ್ಕನ ನಗು ನಿಂತಿತು. ಮುಚ್ಚಿಟ್ಟ ತಾಟನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಇದು ಅವ್ವ ಅಂದಿದ್ದೇನೋ," ಅಂದಳು, "ನೀ ಅಂದಿದ್ದೋ?"

ದನಿ ಅವ್ವನದೇ. ಮಾತು ನನ್ನದು. ಎಷ್ಟೋ ಜನರ ಬಾಯಲ್ಲಿ ಎಷ್ಟೋ ಮಾತು ಹಾಕಿ ನಗಿಸಿದ್ದೇನೆ, ಯಾರೂ ಹೀಗೆ ಹಿಡಿದಿರಲಿಲ್ಲ. ನಾನು ಟವೆಲ್ಲನ್ನು ತಲೆಯಿಂದ ತೆಗೆದೆ. ಅದನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

"ಹೋಗು, ಅವ್ವಗ ಫೋನ್ ಮಾಡು," ಅಂದಳು ಅಕ್ಕ. ಸಿಟ್ಟೇ ಇರಲಿಲ್ಲ ದನಿಯಲ್ಲಿ. ಇದ್ದರೆ ಚೆನ್ನಾಗಿತ್ತು. "ಅಡಗಿಮನಿ ನೋಡಿದ್ದೂ ಹೇಳು, ಮಾರ್ಕೆಟ್ ನೋಡಿದ್ದೂ ಹೇಳು. ಒಂದ ಹೇಳಿ ಒಂದ ಬಿಡಬ್ಯಾಡ. ಆಕಿ ಬರ್ಲಿ, ಬಿಡ್ಲಿ. ನಾ ಆ ಕಲ್ಲು ಬಿಡೂದಿಲ್ಲ."

ಜುವಾರಿ ದಂಡೆ

ನದಿಯ ದಂಡೆಗೆ ಹೋಗಿ ಕೂತೆ. ಮೇಲೆ ಸೇತುವೆಯ ಮೇಲಿಂದ ಲಾರಿಗಳು ಹೋಗುತ್ತಿದ್ದವು. ನಮ್ಮ ಭೀಮೆಯ ಎಷ್ಟು ಪಟ್ಟು ಅಗಲ ಅಂತ ಇನ್ನೊಂದು ದಿನವಾಗಿದ್ದರೆ ವರ್ಣಿಸುತ್ತಿದ್ದೆ.

ಅವ್ವನಿಗೆ ಅಡುಗೆಮನೆ ಹೇಳಿದೆ. ನಲ್ಲಿ, ದೇವರ ಗೂಡು, ತಾಮ್ರದ ಕೊಡ. ಅವ್ವ ಹಿಗ್ಗಿ, "ಹಂಗಾರ ಬರ್ತೀನಿ! ಹಪ್ಪಳ ಎಷ್ಟ ತರಲಿ ಕೇಳು ಆಕೀಗೆ" ಅಂದಳು. ಅಲ್ಲಿಗೇ ಫೋನಿಡಬಹುದಿತ್ತು. ಇಡಬೇಕು ಅಂತ ಹೆಬ್ಬೆರಳು ಒಯ್ದೆ ಕೂಡ. ಆಮೇಲೆ ಮಾರ್ಕೆಟ್ ಹೇಳಿದೆ. ಕಂಪನಿ ಬಿಡಿಸಿದ್ದನ್ನೂ, ಟೈಫಾಯ್ಡ್ ಆಗಿದ್ದನ್ನೂ, ಕಂಬದ ಹಿಂದೆ ನಿಂತು ನಾನು ಕೂಗಿದ್ದನ್ನೂ ಹೇಳಿದೆ.

ಅವ್ವ ಏನನ್ನಬಹುದು ಅಂತ ನನ್ನ ಗಂಟಲೊಳಗೆ ಹತ್ತಾರು ಮಾತು ತಯಾರಿದ್ದವು. ಅವ್ವ ಅಂದದ್ದು ಅದರಲ್ಲಿ ಒಂದೂ ಅಲ್ಲ.

"ನೀ ಉಂಡ್ಯೇನು ಆಕಿ ಕೈಯಾಗ, ಅದನ್ನ ನೋಡಿದ ಮ್ಯಾಲೆ?"

"ಇಲ್ಲಬೇ."

"ಯಾಕ?"

ನಾನು ಸೇತುವೆಯ ಮೇಲಿನ ಲಾರಿಗಳನ್ನು ಎಣಿಸತೊಡಗಿದೆ.

"ನೀ ಉಣ್ಣಲಾರದ ಮನಿಗೆ ನನ್ನ ಹೆಂಗ ಕರೀತಿ? ಹೋಗು. ಮೊದಲ ಉಂಡು ಬಾ. ಆಮ್ಯಾಲೆ ನಾ ವಿಚಾರ ಮಾಡ್ತೀನಿ." ಫೋನಿಟ್ಟಳು.

ಮನೆಗೆ ಬಂದು, ಹೊಸ್ತಿಲಲ್ಲೇ ನಿಂತು, "ಯಕ್ಕಾ, ಹಸಿವ್ಯಾಗೇತಿ" ಅಂದೆ.

ಅಕ್ಕ ದೀಪದ ಬತ್ತಿ ಹೊಸೆಯುತ್ತಿದ್ದಳು. "ಅವ್ವ ಉಣ್ಣಂದ್ಲೇನು?"

"ಹೂಂ."

"ಹಂಗಾರ ಅವ್ವನ ಬಂದು ಉಣ್ಲಿ. ಸರ್ಕಲ್ ಹೋಟೆಲ್‌ದಾಗ ಭಾಜಿ-ಪಾವ್ ತಿಂದು ಹೊಟ್ಟಿ ಸವರಕೋತ ಹೊಂಟಿದ್ಯಂತ, ಬರೂ ದಾರ್ಯಾಗ ಹೋಟೆಲ್ಲಿನಾಂವ ಹೇಳಿದ. ಈ ಊರಾಗ ಈಗ ಎಲ್ಲಾರಿಗೂ ನೀ ನೀಲಾಬಾಯಿ ತಮ್ಮ. ನಿನಗ ಖರೇನ ಹಸಿವಾದಾಗ ಹೇಳು."

ಅವಳು ತನ್ನ ಊಟ ಮಾಡಿ ಮಲಗಿದಳು. ನಾನೂ ಮಲಗಿದೆ.

ಬೆಳಿಗ್ಗೆ ಅವಳು ಹೊರಡುವ ಮುಂಚೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳ ಕೈಯನ್ನೇ ನೋಡಿದೆ. ಬೆರಳ ಸಂದಿನಲ್ಲಿ ಕತ್ತಿ ತಾಗಿ ಮಾಯ್ದ ಗೆರೆಗಳು, ಅದರ ಮೇಲೆ ಜೋಳದ ಹಿಟ್ಟು. ಕೇಳಲು ನಾಚಿಕೆಯಾಯಿತು. ಕೇಳದಿರಲು ಇನ್ನೂ ನಾಚಿಕೆಯಾಯಿತು.

"ಯಕ್ಕಾ, ಒಂದು ರೊಟ್ಟಿ ಕೊಡ."

ತಾಟಿಗೆ ಹಾಕಿದಳು. ಬಿಸಿಗೆ ಬೆರಳು ಸುಟ್ಟಿತು. ಅಕ್ಕ ನನ್ನತ್ತ ನೋಡಲಿಲ್ಲ, ಮುಂದಿನ ರೊಟ್ಟಿಗೆ ಕೈ ಹಾಕಿದಳು. ನಾನು ತಿಂದು ಮುಗಿಸುವವರೆಗೂ ನೋಡಲಿಲ್ಲ. ಅದು ಅವಳು ನನಗೆ ಮಾಡಿದ ದೊಡ್ಡ ಉಪಕಾರ. ಇನ್ನೊಂದು ಕೇಳಿದೆ. ಅದೂ ಬಂತು.

ಫೋನು ರಿಂಗಾಯಿತು. ಅವ್ವ. ಅಷ್ಟು ನಸುಕಿನಲ್ಲಿ ಅವಳು ಎಂದೂ ಫೋನು ಮಾಡಿದವಳಲ್ಲ.

"ಉಂಡ್ಯಾ?"

"ಉಣ್ಣಾಕತ್ತೇನಿ."

"ಆಕೀಗೆ ಕೊಡು."

ಅಕ್ಕನ ಎರಡೂ ಕೈ ಹಿಟ್ಟಾಗಿದ್ದವು. ಫೋನನ್ನು ಸ್ಪೀಕರಿಗೆ ಹಾಕಿ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟೆ.

"ಯವ್ವಾ," ಅಂದಳು ಅಕ್ಕ.

"ಏನ ಯವ್ವಾ? ಟೈಫಾಯ್ಡ್ ಆಗಿದ್ದು ಹೇಳಲಿಲ್ಲ, ಕಂಪನಿ ಬಿಟ್ಟಿದ್ದು ಹೇಳಲಿಲ್ಲ. ನಾ ಸತ್ತೇನಿ ಅಂತ ತಿಳಕೊಂಡಿ?"

"ಹೇಳಿದ್ರ ನೀ ಬೈತಿದ್ದಿ."

"ಈಗೂ ಬೈತೀನಿ! ಬಂದು ಬೈತೀನಿ!"

"ಬಾ! ಬಂದು ಬೈ! ಯಾರ ಬ್ಯಾಡಂದ್ರು ನಿನಗ?"

ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು, ಒಬ್ಬರದು ಒಬ್ಬರಿಗೆ ಕೇಳದಂತೆ. ನಾನು ತಾಟು ಎತ್ತಿಕೊಂಡು ಹಿತ್ತಲಿಗೆ ಬಂದೆ. ತೊಳೆದಿಟ್ಟು, ಮಾಯಿಯ ಜಗಲಿಯ ಕಡೆ ನಡೆದೆ. ಆಕೆಗೆ ಹೇಳಬೇಕಾದ ಮಾತಿಗೆ ನನ್ನ ಹತ್ತಿರ ಕೊಂಕಣಿ ಇರಲಿಲ್ಲ, ಹಿಂದಿಯೂ ಸಾಲದು. ಯಾರ ದನಿಯಲ್ಲೂ ಹೇಳುವಂಥದ್ದಾಗಿರಲಿಲ್ಲ. ಮಾಯಿ ಕಲ್ಲಿನ ಆಸನದ ಮೇಲೆ ಕೂತು ಬೀನ್ಸ್ ಸೋಸುತ್ತಿದ್ದಳು. ಎದುರಿಗೆ ಹೋಗಿ ಕೈ ಮುಗಿದು ನಿಂತೆ. ಆಕೆ ಬಹಳ ಹೊತ್ತು ನನ್ನನ್ನು ಹಾಗೇ ನಿಲ್ಲಿಸಿದಳು.